ಕೊನೆಯ ಎಂಟು ಎಣಿಕೆ: ವೆಸ್ಟರ್ನ್ ಸ್ವಿಂಗ್ ಗಿಟಾರಿನ ತಿರುವು, ಮುಕ್ತಾಯ

ಕಳೆದ ಡಿಸೆಂಬರ್ 31ರ ರಾತ್ರಿ ಪುಣೆಯ ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ನಾವು ನಾಲ್ವರು ನುಡಿಸಿದ ಹಾಡು ಎರಡು ಸಲ ಮುಗಿಯಿತು. ಮೊದಲ ಸಲ ನಾನು, ಬಾಸ್ ಹಿಡಿದ ಹುಡುಗ, ಡ್ರಮ್ಸ್‌ನವನು ಮೂವರೂ ಒಟ್ಟಿಗೆ ನಿಲ್ಲಿಸಿದೆವು. ಪಿಟೀಲು ನುಡಿಸುತ್ತಿದ್ದ ಕಾಕಾ ಮಾತ್ರ ಕಣ್ಣು ಮುಚ್ಚಿಕೊಂಡೇ ಇನ್ನೊಂದು ಸುತ್ತು ಶುರು ಮಾಡಿಬಿಟ್ಟಿದ್ದರು. ಎರಡು ಸಾಲು ಒಬ್ಬರೇ ನುಡಿಸಿದ ಮೇಲೆ, ಜೊತೆಗೆ ಯಾರೂ ಇಲ್ಲವೆಂದು ಗೊತ್ತಾಗಿ ಕಮಾನು ಇಳಿಸಿದರು. ಜನ ಚಪ್ಪಾಳೆ ಹೊಡೆದರು. ಹೊಸ ವರ್ಷದ ರಾತ್ರಿ ಜನ ಯಾವುದಕ್ಕಾದರೂ ಚಪ್ಪಾಳೆ ಹೊಡೆಯುತ್ತಾರೆ ಬಿಡಿ. ಕಾಕಾ ನಕ್ಕರು. ಆದರೆ ಆಮೇಲೆ ಮೂರು ಭಾನುವಾರ ಅಭ್ಯಾಸಕ್ಕೆ ಬರಲಿಲ್ಲ.

ಕಾಕಾ ಧಾರವಾಡದವರು. ಬ್ಯಾಂಕ್ ಕೆಲಸದಿಂದ ನಿವೃತ್ತರಾಗಿ ಮಗಳ ಜೊತೆ ಇಲ್ಲಿದ್ದಾರೆ. ಕಲಿತದ್ದು ಹಿಂದೂಸ್ತಾನಿ ಪಿಟೀಲು. ನಾನು ಒಮ್ಮೆ ಬಾಬ್ ವಿಲ್ಸ್ ತಂಡದ ಹಳೆಯ ರೆಕಾರ್ಡಿಂಗ್ ಕೇಳಿಸಿದಾಗ, ‘ಇದು ಪಿಟೀಲಿನವ್ರ ಸಂಗೀತ ಅದ ನೋಡು’ ಎಂದು ನನ್ನ ಫೋನ್ ಕಿತ್ತುಕೊಂಡವರು. ಎಡಗಿವಿ ನಾಲ್ಕೈದು ವರ್ಷದಿಂದ ಮಂದ. ನಾನು ಫೋನ್ ಮಾಡಿದಾಗ ಹೇಳಿದರು: ‘ಹಾಡು ಎಲ್ಲಿ ಮುಗೀತದ, ಎಲ್ಲಿ ತಿರಗತದ ನನಗ ಗೊತ್ತೇ ಆಗವಲ್ದು ತಮ್ಮಾ. ಕಿವಿ ಮೊದಲಿನಂಗಿಲ್ಲ. ಇನ್ನ ಬಿಡೂದೇ ಛಲೋ.’

ನಾನೂ ಕಿವಿಯದೇ ತಪ್ಪು ಅಂದುಕೊಂಡಿದ್ದೆ. ಆಮೇಲೆ ಯಾರೋ ಫೋನಿನಲ್ಲಿ ತೆಗೆದಿದ್ದ ವಿಡಿಯೋ ನೋಡಿದೆ. ಪ್ರತಿ ಸುತ್ತಿನ ಕೊನೆಗೂ ನಾನು ಒಂದೇ ಜಿ ಕಾರ್ಡನ್ನು ಎಂಟು ಸಲ ಬಡಿಯುತ್ತಿದ್ದೆ. ಹಾಡು ತಿರುಗುತ್ತದೋ ನಿಲ್ಲುತ್ತದೋ ಎನ್ನುವುದಕ್ಕೆ ನನ್ನ ಗಿಟಾರಿನಲ್ಲಿ ಯಾವ ಸೂಚನೆಯೂ ಇರಲಿಲ್ಲ. ಎರಡು ಕಿವಿ ನೆಟ್ಟಗಿದ್ದವರಿಗೂ ಅಲ್ಲಿ ದಾರಿ ತಪ್ಪಬಹುದಿತ್ತು.

ಈ ಸಂಗೀತ ಹುಟ್ಟಿದ್ದೇ ಕುಣಿಯುವವರಿಗಾಗಿ. 1930ರ ದಶಕದ ಟೆಕ್ಸಸ್ ಮತ್ತು ಓಕ್ಲಹೋಮ. ಹಳ್ಳಿಯ ಪಿಟೀಲು, ಬ್ಲೂಸ್, ಮೆಕ್ಸಿಕೋ ಗಡಿಯ ಹಾಡುಗಳು, ರೇಡಿಯೋದಲ್ಲಿ ಬರುತ್ತಿದ್ದ ಜಾಝ್ ಎಲ್ಲ ಒಂದೇ ಬಾಣಲೆಗೆ ಬಿದ್ದವು. ಫೋರ್ಟ್ ವರ್ತ್‌ನಲ್ಲಿ ಮಿಲ್ಟನ್ ಬ್ರೌನ್ ತಂಡ ಇದಕ್ಕೆ ಮೊದಲ ರೂಪ ಕೊಟ್ಟಿತು. ಆದರೆ ಕಾರು ಅಪಘಾತದಿಂದಾಗಿ ಆತ 1936ರಲ್ಲೇ ತೀರಿಕೊಂಡ. ಟೆಕ್ಸಸ್‌ನ ಟರ್ಕಿ ಎಂಬ ಸಣ್ಣ ಊರಿನಲ್ಲಿ ಕ್ಷೌರ ಮಾಡಿಕೊಂಡಿದ್ದ ಪಿಟೀಲುಗಾರ ಬಾಬ್ ವಿಲ್ಸ್ 1934ರಲ್ಲಿ ಓಕ್ಲಹೋಮದ ಟಲ್ಸಾಗೆ ಬಂದು, ಕೇನ್ಸ್ ಬಾಲ್‌ರೂಮ್ ಎಂಬ ನೃತ್ಯಶಾಲೆಯನ್ನು ತನ್ನ ‘ಟೆಕ್ಸಸ್ ಪ್ಲೇಬಾಯ್ಸ್’ ತಂಡದ ಮನೆಯಾಗಿ ಮಾಡಿಕೊಂಡ. ಮಧ್ಯಾಹ್ನ ಕೆವಿಓಓ ರೇಡಿಯೋದಲ್ಲಿ ನೇರ ಪ್ರಸಾರ, ರಾತ್ರಿ ಕುಣಿತ.

ಆಗಿನ 78 ಆರ್‌ಪಿಎಂ ತಟ್ಟೆಯಲ್ಲಿ ಹಾಡಿಗೆ ಸಿಗುತ್ತಿದ್ದದ್ದು ಸುಮಾರು ಮೂರು ನಿಮಿಷ. ನೃತ್ಯಶಾಲೆಯಲ್ಲಿ ಆ ಮಿತಿ ಇಲ್ಲ. ಜೋಡಿಗಳು ಕುಣಿಯುವಷ್ಟು ಹೊತ್ತು ಹಾಡು ಸುತ್ತುತ್ತಲೇ ಇರಬೇಕು. ಒಂದು ಸುತ್ತು ಪಿಟೀಲು, ಇನ್ನೊಂದು ಸ್ಟೀಲ್ ಗಿಟಾರ್, ಮತ್ತೊಂದು ಪಿಯಾನೋ. ಯಾರ ಸರದಿ ಎನ್ನುವುದನ್ನು ಬಾಬ್ ವಿಲ್ಸ್ ಹಾಡಿನ ನಡುವೆಯೇ ಹೆಸರು ಕೂಗಿ ಹೇಳುತ್ತಿದ್ದ. ಹೆಸರು ಕೂಗಿಸಿಕೊಂಡವನು ಸುತ್ತಿನ ಮೊದಲ ಮಾತ್ರೆಗೆ ಸರಿಯಾಗಿ ಎದ್ದು ನಿಲ್ಲಬೇಕು. ಅವನಿಗೆ ಬಾಗಿಲು ತೆರೆಯುವ ಕೆಲಸ ರಿದಮ್ ಗಿಟಾರಿನದ್ದು.

ಸಾಮಾನ್ಯವಾಗಿ ಇಂಥ ಹಾಡುಗಳಲ್ಲಿ ಕೊನೆಯ ಎರಡು ಬಾರ್ ಬರುವ ಹೊತ್ತಿಗೆ ಹಾಡಿನ ಧಾಟಿ ಷಡ್ಜಕ್ಕೆ ಬಂದು ಕುಳಿತಿರುತ್ತದೆ. (ಬಾರ್ ಎಂದರೆ ನಾಲ್ಕು ಎಣಿಕೆಯ ಒಂದು ಅಳತೆ, ಪುಣೆಯ ಗೆಳೆಯರು ಬೇರೆ ಅರ್ಥ ಮಾಡಿಕೊಳ್ಳಬಾರದು.) ಹೀಗೆ ಎಂಟು ಎಣಿಕೆ, ಅಂದರೆ ಆದಿತಾಳದ ಒಂದು ಆವರ್ತನದಷ್ಟು ಜಾಗ ಖಾಲಿ ಉಳಿಯುತ್ತದೆ. ಅಲ್ಲಿ ಸುಮ್ಮನೆ ಕುಳಿತರೆ ಹಾಡು ಮುಗಿದಂತೆ ಕೇಳುತ್ತದೆ. ಆದ್ದರಿಂದ ಗಿಟಾರ್ ಆ ಎಂಟು ಎಣಿಕೆಯಲ್ಲಿ ಎರಡೆರಡಕ್ಕೆ ಒಂದರಂತೆ ನಾಲ್ಕು ಕಾರ್ಡ್ ನುಡಿಸುತ್ತದೆ: ಜಿ, ಈ ಸೆವೆನ್, ಎ ಸೆವೆನ್, ಡಿ ಸೆವೆನ್. ಇದು ಟರ್ನ್‌ಅರೌಂಡ್, ತಿರುವು. ಡಿ ಸೆವೆನ್ ಎಂಬ ಕಾರ್ಡಿಗೆ ನಿಂತಲ್ಲಿ ನಿಲ್ಲುವ ಗುಣವಿಲ್ಲ. ಜಿ ಕಡೆಗೇ ವಾಲಿಕೊಂಡಿರುತ್ತದೆ. ಆ ವಾಲುವಿಕೆಯೇ ಮುಂದಿನ ಸುತ್ತಿಗೆ ಕರೆ.

ಇದನ್ನು ಹೇಗೆ ನುಡಿಸಬೇಕು ಎಂದು ತಿಳಿಯಬೇಕಾದರೆ ಎಲ್ಡನ್ ಶ್ಯಾಂಬ್ಲಿನ್‌ನನ್ನು ಕೇಳಬೇಕು. 1937ರಲ್ಲಿ ಬಾಬ್ ವಿಲ್ಸ್ ತಂಡ ಸೇರಿದ ಗಿಟಾರಿಗ, ತಂಡದ ವಾದ್ಯಸಂಯೋಜನೆಯಲ್ಲೂ ಕೈಯಿದ್ದವನು. ಅದೇ ವರ್ಷ ಕೌಂಟ್ ಬೇಸಿಯ ಜಾಝ್ ತಂಡಕ್ಕೆ ಫ್ರೆಡಿ ಗ್ರೀನ್ ಬಂದ. ರಿದಮ್ ಗಿಟಾರ್ ಎಂದರೆ ಇವತ್ತಿಗೂ ಈ ಇಬ್ಬರ ಹೆಸರು ಬರುತ್ತದೆ. ನನಗೆ ಶ್ಯಾಂಬ್ಲಿನ್ನೇ ಹೆಚ್ಚು ಇಷ್ಟ. ಅವನ ಕಾರ್ಡುಗಳು ತಾಳ ಹಿಡಿಯುತ್ತಲೇ ನಡೆದಾಡುತ್ತವೆ. 1946–47ರ ಸುಮಾರಿಗೆ ರೇಡಿಯೋಗಾಗಿ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಮುದ್ರಿಸಿದ ‘ಟಿಫನಿ ಟ್ರಾನ್ಸ್‌ಕ್ರಿಪ್ಶನ್ಸ್’ ಸಿಕ್ಕಿದರೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. 1954ರಲ್ಲಿ ಲಿಯೋ ಫೆಂಡರ್ ಕೊಟ್ಟ ಚಿನ್ನದ ಬಣ್ಣದ ಸ್ಟ್ರಾಟೋಕಾಸ್ಟರ್ ಗಿಟಾರನ್ನು ಅವನು ದಶಕಗಳ ಕಾಲ ನುಡಿಸಿದ.

ಅವನ ದಾರಿಯಲ್ಲಿ ನಡೆಯಲು ಮೊದಲು ಬಿಡಬೇಕಾದದ್ದು ಆರೂ ತಂತಿ ಬಾರಿಸುವ ಚಟ. ಮೂರು ತಂತಿ ಸಾಕು. ಆರನೇ ತಂತಿಯ 3ನೇ ಫ್ರೆಟ್, ನಾಲ್ಕನೆಯದರ 2, ಮೂರನೆಯದರ 4 ಹಿಡಿಯಿರಿ. ಉಳಿದ ತಂತಿಗಳು ಬೆರಳ ಪಕ್ಕ ತಾಗಿ ಸದ್ದಿಲ್ಲದಿರಲಿ. ಇದು ಜಿ ಸಿಕ್ಸ್ತ್. ಬಾರಿಸಿದ ಕೂಡಲೇ ಎಡಗೈ ಬೆರಳು ಸಡಿಲಿಸಬೇಕು, ತೆಗೆಯಬಾರದು. ‘ಚಕ್’ ಎಂದು ಕೇಳಿ ನಿಲ್ಲುತ್ತದೆ. ಇದಕ್ಕೆ ಅಲ್ಲಿಯವರು ಸಾಕ್ ರಿದಮ್ ಎನ್ನುತ್ತಾರೆ. ನನಗೆ ಈ ಸಡಿಲಿಸುವುದು ಬರಲು ಕಾರ್ಡ್ ಹಿಡಿಯಲು ಕಲಿತದ್ದಕ್ಕಿಂತ ಹೆಚ್ಚು ತಿಂಗಳು ಹಿಡಿಯಿತು.

ಇನ್ನು ನಡಿಗೆ. ತಿರುವಿಗೆ ಮೊದಲಿನ ಸಾಲಿನಲ್ಲಿ ಹಾಡು ಜಿಯಿಂದ ಸಿ ಕಾರ್ಡಿಗೆ ಹೋಗಿ ಮರಳುವ ಜಾಗವಿದ್ದರೆ, ಆರನೇ ತಂತಿಯ ಮೇಲೆ 3, 7, 8, 9, 10 ಎಂದು ಏರುತ್ತಾ ಹೋಗುತ್ತಾರೆ. ಜಿಯನ್ನು ಷಡ್ಜ ಅಂದುಕೊಳ್ಳಿ: ಸ, ಗ, ಶುದ್ಧ ಮ, ತೀವ್ರ ಮ, ಪ. ಪ್ರತಿ ಸ್ವರದ ಮೇಲೂ ಮೇಲಿನ ಎರಡು ತಂತಿ ಒಂದು ಪುಟ್ಟ ಕಾರ್ಡ್ ಹೊರುತ್ತವೆ. ತೀವ್ರ ಮಧ್ಯಮದ ಮೇಲೆ ಬರುವುದು ಡಿಮಿನಿಶ್ಡ್, ಸ್ವಲ್ಪ ಕಳವಳದ ಕಾರ್ಡ್. ಏರಿ ಪಂಚಮ ಮುಟ್ಟಿದ ಮೇಲೆ ಇಳಿಯುವುದೇ ನಿಜವಾದ ಸೊಗಸು.

ಈ ಸೆವೆನ್ ಅನ್ನು ಐದನೇ ತಂತಿಯ 7, ನಾಲ್ಕನೆಯ 6, ಮೂರನೆಯ 7ರಲ್ಲಿ ಹಿಡಿಯಿರಿ. ಎ ಸೆವೆನ್: ಆರನೆಯ 5, ನಾಲ್ಕನೆಯ 5, ಮೂರನೆಯ 6. ಡಿ ಸೆವೆನ್: ಐದನೆಯ 5, ನಾಲ್ಕನೆಯ 4, ಮೂರನೆಯ 5. ಆಮೇಲೆ ಮೊದಲಿನ ಜಿ ಸಿಕ್ಸ್ತ್, ಮೂರನೇ ತಂತಿಯ 4. ಈಗ ಮೂರನೇ ತಂತಿಯೊಂದನ್ನೇ ನೋಡಿ. 7, 6, 5, 4. ಕಾರ್ಡಿನ ಹೆಸರು ಈ, ಎ, ಡಿ, ಜಿ ಎಂದು ದೂರ ದೂರ ಜಿಗಿಯುತ್ತಿದ್ದರೂ ಒಳಗಿನ ದನಿ ಒಂದೊಂದೇ ಮೆಟ್ಟು ಇಳಿಯುತ್ತದೆ: ಪ, ತೀವ್ರ ಮ, ಶುದ್ಧ ಮ, ಗ. ನಾಲ್ಕನೇ ತಂತಿಯೂ ಜೊತೆಯಲ್ಲೇ ಕೋಮಲ ರಿ, ಸ, ನಿ ಎಂದು ಇಳಿಯುತ್ತದೆ. ಹತ್ತು ವರ್ಷ ಈ ನಾಲ್ಕು ಕಾರ್ಡನ್ನು ನುಡಿಸಿಯೂ ಈ ಮೆಟ್ಟಿಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಪೂರ್ತಿ ಆರು ತಂತಿ ಬಡಿಯುವವನಿಗೆ ಬೀಳುವುದೂ ಇಲ್ಲ.

ಮುಕ್ತಾಯದ ವಿಷಯ ಬೇರೆ. ತಿರುವು ಮುಂದಕ್ಕೆ ತಳ್ಳುತ್ತದೆ, ಮುಕ್ತಾಯ ಬಾಗಿಲು ಹಾಕುತ್ತದೆ. ಸುಲಭದ್ದು, ಜಿ ಸಿಕ್ಸ್ತ್‌ನ ಅದೇ ಆಕಾರವನ್ನು ಒಂದು ಫ್ರೆಟ್ ಮೇಲಕ್ಕೆ ಸರಿಸಿ, 4ರಿಂದ 3ಕ್ಕೆ ಜಾರಿಸುವುದು. ಎರಡೇ ಪೆಟ್ಟು. ಇನ್ನೊಂದು ಕ್ರಮ ಟ್ಯಾಗ್: ಕೊನೆಯ ಸಾಲು ಜಿಗೆ ಬಂದು ಕೂರುವ ಬದಲು ಈ ಸೆವೆನ್‌ಗೆ ಹಾರಿ, ಮತ್ತೆ ಎ, ಡಿ ಮೂಲಕ ಬಂದು, ಸಾಲನ್ನು ಮೂರು ಸಲ ಹೇಳಿ, ಮೂರನೆಯದಕ್ಕೆ ನಿಲ್ಲುವುದು. ಧಾರವಾಡದ ಕಿವಿಗೆ ಇದು ತಿಹಾಯಿಯ ದೂರದ ನೆಂಟನಂತೆ ಕೇಳುತ್ತದೆ. ತಿಹಾಯಿಯ ಲೆಕ್ಕಾಚಾರ ಇದಕ್ಕಿಲ್ಲ. ಆದರೆ ಮೂರನೆಯದು ಕೊನೆಯದು ಎಂಬ ತಿಳುವಳಿಕೆ ಕುಣಿಯುವವರಿಗೂ ಇರುತ್ತದೆ. ಜೋಡಿಗಾತಿಯನ್ನು ಕೊನೆಯ ಸಲ ತಿರುಗಿಸಲು ಅವರಿಗೆ ಸಮಯ ಸಿಗುತ್ತದೆ.

ಕೊನೆಯ ಕಾರ್ಡ್ ಬರಿಯ ಜಿ ಆಗಿರದೆ ಜಿ ಸಿಕ್ಸ್ತ್ ಆಗಿರುವುದು ಈ ಸಂಗೀತದ ಗುರುತು. ಸ, ಗ, ಪ ಜೊತೆಗೆ ಧ. ಭೂಪಕ್ಕೆ ರಿಷಭ ಒಂದು ಕಡಿಮೆ. ಸ್ಟೀಲ್ ಗಿಟಾರಿಗೆ ಬಹಳ ಒಗ್ಗಿದ ಶ್ರುತಿಗಳಲ್ಲೊಂದು ಇಂಥದೇ ಸಿ ಸಿಕ್ಸ್ತ್. ಆ ಸ್ಟೀಲ್ ಗಿಟಾರ್ ಹವಾಯಿಯಿಂದ ಟೆಕ್ಸಸ್‌ಗೆ ಹೋದಂತೆಯೇ ಹವಾಯಿಯ ಟಾವ್ ಮೋ ಕುಟುಂಬದ ಜೊತೆ 1940ರ ದಶಕದ ಕೋಲ್ಕತ್ತದಲ್ಲೂ ನೆಲೆಸಿತ್ತು. ನಮ್ಮ ಹಿಂದಿ ಚಿತ್ರಗೀತೆಗಳಲ್ಲಿ ಜಾರುವ ಆ ದನಿ ಕೇಳದವರು ಯಾರಿದ್ದಾರೆ!

ನಾಲ್ಕನೇ ಭಾನುವಾರ ನಾನೇ ಗಿಟಾರ್ ಹೊತ್ತು ಕಾಕಾ ಮನೆಗೆ ಹೋದೆ. ‘ಯಾಕ ಬಂದಿ?’ ಎಂದರು, ಕುರ್ಚಿ ಮಾತ್ರ ತಾವೇ ಎಳೆದುಕೊಟ್ಟರು. ಎದುರಿಗೆ ಕುಳಿತೆ. ‘ಕಾಕಾ, ಅವತ್ತು ತಪ್ಪಿದ್ದು ನಿಮ್ಮ ಕಿವಿ ಅಲ್ಲ. ನಾನು ಏನೂ ಹೇಳೇ ಇರಲಿಲ್ಲ. ಈಗ ಮೂರನೇ ತಂತಿ ಮೇಲಿನ ಬೆರಳು ನೋಡ್ರಿ’ ಎಂದು ನಿಧಾನವಾಗಿ ಇಳಿಸಿದೆ. ಏಳು, ಆರು, ಐದು, ನಾಲ್ಕು.

ಎರಡನೇ ಸಲಕ್ಕೆ ಅವರ ಬಾಯಲ್ಲಿ ಸ್ವರ ಬಂತು. ಮೂರನೇ ಸಲಕ್ಕೆ ಎದ್ದು ಪಿಟೀಲಿನ ಪೆಟ್ಟಿಗೆ ತೆಗೆದರು. ‘ಎರಡೂ ಮಧ್ಯಮ ಬೆನ್ನಿಗೆ ಬೆನ್ನು ಹಚ್ಚಿ ಬರ್ತಾವ. ನಮ್ಮ ಕೇದಾರದಾಗೂ ಎರಡೂ ಅವ, ಆದ್ರ ಆ ನಡಿಗೀನೇ ಬ್ಯಾರೆ’ ಎನ್ನುತ್ತಾ ನನ್ನ ಇಳಿತದ ಜೊತೆಗೆ ಅದೇ ಪ, ಮ, ಮ, ಗ ಎಳೆದರು. ಕೇಳಿಸದ ಗಿಟಾರನ್ನು ಅವರು ಕಣ್ಣಿನಿಂದ ಹಿಡಿದು, ಕಮಾನಿನಿಂದ ನುಡಿಸುತ್ತಿದ್ದರು.

ಒಂದು ಒಪ್ಪಂದಕ್ಕೆ ಬಂದೆವು. ಕೊನೆಯ ಸಾಲು ಬಂದಾಗ ಅವರು ಕಣ್ಣು ತೆರೆದು ನನ್ನ ಎಡಗೈ ನೋಡಬೇಕು. ಕೈ ಏಳನೇ ಫ್ರೆಟ್‌ಗೆ ಏರಿದರೆ ಇನ್ನೊಂದು ಸುತ್ತು. ಕೆಳಗೇ ಉಳಿದು 4ರಿಂದ 3ಕ್ಕೆ ಜಾರಿದರೆ ಮುಗಿಯಿತು. ಬಾಸ್ ಹುಡುಗನಿಗೂ ಇದನ್ನೇ ಹೇಳಿದೆವು. ಅವನಿಗೂ ಎಲ್ಲಿ ಮುಗಿಯುತ್ತದೆಂದು ಗೊತ್ತಿರಲಿಲ್ಲವಂತೆ, ಅವತ್ತು ನನ್ನ ಮುಖ ನೋಡಿ ನಿಲ್ಲಿಸಿದ್ದನಂತೆ.

ಮೊನ್ನೆ ಯುಗಾದಿಯ ಸಂಜೆ ಅದೇ ಕ್ಲಬ್‌ಹೌಸಿನಲ್ಲಿ ‘ಸ್ಯಾನ್ ಆಂಟೋನಿಯೋ ರೋಸ್’ ನುಡಿಸಿದೆವು, ಬಾಬ್ ವಿಲ್ಸ್ 1938ರಲ್ಲಿ ವಾದ್ಯಕ್ಕಾಗಿಯೇ ಮುದ್ರಿಸಿ, 1940ರಲ್ಲಿ ಸಾಹಿತ್ಯ ಸೇರಿಸಿ ಮತ್ತೆ ಹೊರತಂದ ಹಾಡು. ನಾಲ್ಕು ಸುತ್ತು ಎಂದು ಮಾತಾಗಿತ್ತು. ನಾಲ್ಕನೆಯದರ ಕೊನೆಗೆ ನಾನು ಸ್ಪಷ್ಟವಾಗಿ, ಬೇಕೆಂದೇ ದೊಡ್ಡದಾಗಿ 4ರಿಂದ 3ಕ್ಕೆ ಜಾರಿಸಿದೆ. ಕಾಕಾ ನನ್ನ ಕೈಯನ್ನು ನೋಡಿದರು, ನೋಡಿಯೇ ಐದನೇ ಸುತ್ತು ಎತ್ತಿಕೊಂಡರು. ನಾವು ಮೂವರೂ ಓಡಿ ಹೋಗಿ ಸೇರಿಕೊಂಡೆವು.

‘ಕೈ ಕಾಣಿಸಲಿಲ್ಲೇನ್ರಿ?’ ಎಂದು ಆಮೇಲೆ ಕೇಳಿದೆ.

‘ಕಂಡಿತ್ತಲ್ಲ. ಇನ್ನೊಂದ್ ಸುತ್ತು ಹೊಡಿಯೋಣು ಅನಸ್ತು.’