ರಾಯಣ್ಣ ದಫ್ತರ ಸುಟ್ಟದ್ದು ಯಾಕೆ?

ಅಕ್ಕಂದಿರೇ, ಸಂಗೊಳ್ಳಿ ರಾಯಣ್ಣನ ಹೆಸರು ಕೇಳದವರು ಯಾರು? ಆದರೆ ಆತ ರಾಜನ ಮಗನಲ್ಲ. ಕುರುಬರ ಮನೆಯ ಹುಡುಗ. ತಾಯಿ ಕೆಂಚವ್ವ. ತಂದೆ ಭರಮಪ್ಪ. ಹುಟ್ಟಿದ್ದು 1798ರಲ್ಲಿ. ಊರು ಸಂಗೊಳ್ಳಿ. ಅದು ಬೆಳಗಾವಿ ಜಿಲ್ಲೆಯಲ್ಲಿದೆ.

ರಾಯಣ್ಣ ಕಿತ್ತೂರು ಸಂಸ್ಥಾನದ ಶೆಟ್‌ಸನದಿ. ಹಾಗಂದರೆ ಊರು ಕಾಯುವವನು. ಯುದ್ಧ ಬಂದರೆ ಕತ್ತಿ ಹಿಡಿಯುವವನು. ಈ ಚಾಕರಿಗಾಗಿ ಹೊಲ ಕೊಟ್ಟಿದ್ದರು. ಆ ಹೊಲವೇ ಮನೆಯವರ ಅನ್ನ.

1824ರ ಅಕ್ಟೋಬರ್‌ನಲ್ಲಿ ಇಂಗ್ಲಿಷರು ಕಿತ್ತೂರಿನ ಮೇಲೆ ಬಂದರು. ರಾಣಿ ಚೆನ್ನಮ್ಮ ಹೆದರಲಿಲ್ಲ. ಕಿತ್ತೂರು ಗೆದ್ದಿತು. ಇಂಗ್ಲಿಷರ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ಅವರು ದೊಡ್ಡ ದಂಡು ತಂದರು. ಕೋಟೆ ಬಿತ್ತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆ ಇಟ್ಟರು. 1829ರಲ್ಲಿ ಅಲ್ಲೇ ತೀರಿಕೊಂಡಳು.

ಇಂಗ್ಲಿಷರು ರಾಯಣ್ಣನ ಹೊಲವನ್ನೂ ಬಿಡಲಿಲ್ಲ. ಒಂದಿಷ್ಟು ಕಸಿದುಕೊಂಡರು. ಉಳಿದದ್ದಕ್ಕೆ ಹೆಚ್ಚು ಕಂದಾಯ ಹಾಕಿದರು. ಕಂದಾಯ ಕಟ್ಟಲಿಲ್ಲ ಅಂತ ಊರಿನ ಕುಲಕರ್ಣಿ ಕೆಂಚವ್ವನ ಬೆನ್ನ ಮೇಲೆ ಕಲ್ಲು ಹೊರಿಸಿದ ಅಂತ ಜನ ಇವತ್ತಿಗೂ ಕತೆ ಹೇಳುತ್ತಾರೆ.

ರಾಯಣ್ಣ ಜನರನ್ನು ಕೂಡಿಸಿದ. ಹೊಲ ಕಳಕೊಂಡವರು ಬಂದರು. ಕಾಡಿನ ಸಿದ್ದಿ ಜನರ ಗಜವೀರನೂ ಬಂದ. ದೊಡ್ಡ ಸೈನ್ಯದ ಎದುರು ಬಯಲಲ್ಲಿ ನಿಂತರೆ ಸೋಲು ಖಂಡಿತ. ಅದು ರಾಯಣ್ಣನಿಗೆ ಗೊತ್ತಿತ್ತು. ಅದಕ್ಕೇ ಕಾಡಲ್ಲಿ ಅಡಗಿದರು. ತಟ್ಟನೆ ಬಂದು ಹೊಡೆದರು. ಮತ್ತೆ ಕಾಡು ಸೇರಿದರು. ಚೆನ್ನಮ್ಮನ ದತ್ತುಮಗನನ್ನು ಗದ್ದಿಗೆಗೆ ಕೂರಿಸಬೇಕು ಎಂಬುದು ಅವರ ಗುರಿ.

1830ರ ಜನವರಿಯಲ್ಲಿ ಬೀಡಿ ಎಂಬ ಊರಿನ ಸರ್ಕಾರಿ ಕಚೇರಿ ಸುಟ್ಟರು. ಒಳಗಿದ್ದ ದಫ್ತರವೂ ಉರಿಯಿತು. ಅದು ಯಾಕೆ? ಯಾರ ಹೊಲ ಎಷ್ಟು, ಯಾರ ಬಾಕಿ ಎಷ್ಟು, ಎಲ್ಲ ಅದರಲ್ಲಿತ್ತು. ಬರೆದವರು ಬೇರೆ. ಹೊಲ ಉತ್ತವರು ಬೇರೆ. ಉತ್ತವರಿಗೆ ಓದು ಬರುತ್ತಿರಲಿಲ್ಲ. ಆ ಕಾಗದ ಇರುವ ತನಕ ಕಂದಾಯದ ಕಾಟ ತಪ್ಪದು.

ಇಂಗ್ಲಿಷರಿಗೆ ರಾಯಣ್ಣ ಸಿಗಲಿಲ್ಲ. ಹಿಡಿದುಕೊಟ್ಟವರು ನಮ್ಮವರೇ. 1830ರ ಏಪ್ರಿಲ್‌ನಲ್ಲಿ ಹಳ್ಳದಲ್ಲಿ ಸ್ನಾನಕ್ಕೆ ಇಳಿದಾಗ ಮೋಸದಿಂದ ಹಿಡಿದರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೆ ಹಾಕಿದರು. ಅಲ್ಲಿ ಅವನ ಸಮಾಧಿ ಇದೆ. ಪಕ್ಕದಲ್ಲಿ ದೊಡ್ಡ ಆಲದ ಮರ ಇದೆ. ಹೆಣ್ಣುಮಕ್ಕಳು ಅಲ್ಲಿಗೆ ಹೋಗಿ ಹರಕೆ ಹೊರುತ್ತಾರೆ.

ಹಲಕುಂದಿಯಿಂದ ಬಳ್ಳಾರಿಗೆ ಹೋಗಿ, ಬೆಂಗಳೂರಿನ ರೈಲು ಹತ್ತಿದರೆ ಅಲ್ಲಿನ ದೊಡ್ಡ ನಿಲ್ದಾಣದ ಬೋರ್ಡು ನೋಡಿ. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಅಂತ ಬರೆದಿದೆ. ಈಗ ನೀವೇ ಓದಬಹುದು.

ರಾಯಣ್ಣನ ಕಾಲದಲ್ಲಿ ಕಾಗದ ಸುಡಬೇಕಾಯಿತು. ಈಗ ಕಾಗದ ಓದಬೇಕು. ನಿಮ್ಮ ಹೊಲದ ಪಹಣಿ ನಾಡಕಚೇರಿಯಲ್ಲಿ ಸಿಗುತ್ತದೆ. ತಂದು ಓದಿ. ಹೊಲ ಎಷ್ಟು ಎಕರೆ ಅಂತ ಬರೆದಿದೆ? ಯಾರ ಹೆಸರು ಇದೆ? ನಿಮ್ಮ ಹೆಸರು ಇದೆಯೇ? ಇಲ್ಲವಾದರೆ, ಯಾಕಿಲ್ಲ ಅಂತ ಮನೆಯಲ್ಲಿ ಕೇಳಿ.