ಮೊಮ್ಮಗಳ ಏಳು ಹಾಡು, ತಾತನ ಕಿರ್ದಿ ಪುಸ್ತಕ



ಕೊಬ್ಬರಿ ವ್ಯಾಪಾರ ಮಾಡುವವನು ಕೊರಿಯಾ ದೇಶದ ಹಾಡಿನ ಬಗ್ಗೆ ಬರೆಯಲು ಕುಳಿತಿದ್ದಾನೆ ಎಂದರೆ ನಿಮಗೆ ನಗು ಬರಬಹುದು. ಮೊದಲು ನನಗೂ ಬಂತು. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ನೇರವಾಗಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು. ನಮ್ಮದು ಮೂಲತಃ ತಿಪಟೂರಿನ ಕಡೆ. ಕಾಂಗೇಯಂ ಸುತ್ತಿನ ಎಣ್ಣೆ ಮಿಲ್ಲುಗಳಿಗೂ ನಮ್ಮೂರ ಕಡೆಯ ಕೊಬ್ಬರಿಗೂ ಇರುವ ನಂಟು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಆ ನಂಟನ್ನೇ ಹಿಡಿದು ಬಂದು ಈ ವೆಳ್ಳಕೋಯಿಲಿನಲ್ಲಿ ನೆಲೆಸಿ ಬಹಳ ವರ್ಷಗಳಾದವು. ಅಂಗಡಿಯಲ್ಲಿ ತಮಿಳು, ಮನೆಯಲ್ಲಿ ಕನ್ನಡ, ಮೊಮ್ಮಗಳ ಕೋಣೆಯಲ್ಲಿ ಕೊರಿಯನ್ ಭಾಷೆ. ಇದು ಇಂದಿನ ನಮ್ಮ ಸಂಸಾರ.

ಈ ಬರಹಕ್ಕೆ ಕಾರಣವಾದದ್ದು ಒಂದು ಹೆದರಿಕೆ. 2024ರ ಜನವರಿಯಲ್ಲಿ ಕರೂರು ಜಿಲ್ಲೆಯ ಒಂದು ಹಳ್ಳಿಯಿಂದ ಮೂವರು ಹುಡುಗಿಯರು ಮನೆ ಬಿಟ್ಟು ಹೊರಟುಹೋದ ಸುದ್ದಿಯನ್ನು ನೀವೂ ಪತ್ರಿಕೆಯಲ್ಲಿ ಓದಿರಬಹುದು. ಮೂವರಿಗೂ 13 ವರ್ಷ, ಎಂಟನೇ ತರಗತಿ. ಬಿ.ಟಿ.ಎಸ್. ಎಂಬ ಏಳು ಜನ ಹುಡುಗರ ಕೊರಿಯಾ ತಂಡವನ್ನು ಕಣ್ಣಾರೆ ನೋಡಬೇಕೆಂಬ ಆಸೆ. ಕೈಯಲ್ಲಿ 14,000 ರೂಪಾಯಿ. ವಿಶಾಖಪಟ್ಟಣಕ್ಕೆ ಹೋಗಿ ಅಲ್ಲಿಂದ ಹಡಗು ಹತ್ತಿದರೆ ಕೊರಿಯಾ ಸಿಗುತ್ತದೆ ಎಂಬುದು ಆ ಮಕ್ಕಳ ಲೆಕ್ಕ. ಚೆನ್ನೈವರೆಗೆ ಹೋಗಿ, ಧೈರ್ಯ ಕುಂದಿ, ಹಿಂತಿರುಗುವ ದಾರಿಯಲ್ಲಿ ಕಾಟ್ಪಾಡಿ ರೈಲು ನಿಲ್ದಾಣದಲ್ಲಿ ಪೊಲೀಸರ ಕೈಗೆ ಸಿಕ್ಕಿದರು. ಪುಣ್ಯವಶಾತ್ ಏನೂ ಆಗಲಿಲ್ಲ.

ಕರೂರು ನಮಗೆ ದೂರದ ಊರಲ್ಲ; ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಆ ಸುದ್ದಿ ಬಂದ ದಿನವೇ ನಮ್ಮ ಮನೆಯಲ್ಲಿ ಕರ್ಫ್ಯೂ ಜಾರಿಯಾಯಿತು. ಮೊಮ್ಮಗಳ ಗೋಡೆಯ ಮೇಲಿದ್ದ ಚಿತ್ರಗಳನ್ನು ಸೊಸೆ ಕಿತ್ತು ಹಾಕಿದಳು. ಮಗ ಮೊಬೈಲಿಗೆ ಬೀಗ ಹಾಕಿದ. ನಾನು ಹಿರಿಯನಾಗಿ ಒಂದು ಭಾಷಣ ಬಿಗಿದೆ. ಹುಡುಗಿ ಎದುರು ಮಾತಾಡಲಿಲ್ಲ. "ಸರಿ ತಾತ" ಎಂದು ಒಳಗೆ ಹೋದಳು. ಕೆಲಸ ಮುಗಿಯಿತು ಎಂದು ನಾವೆಲ್ಲ ತಿಳಿದೆವು.

ಮುಗಿದಿರಲಿಲ್ಲ. 2025ರ ಬೇಸಿಗೆ ರಜೆಯಲ್ಲಿ ಆಕೆಯನ್ನು ಅಂಗಡಿಗೆ ಕರೆದುಕೊಂಡು ಬಂದು ಕಿರ್ದಿ ಬರೆಯುವುದನ್ನು ಕಲಿಸುತ್ತಿದ್ದೆ. ಅಭ್ಯಾಸಕ್ಕೆಂದು ಆಕೆಯ ಸ್ವಂತ ಹುಂಡಿ ಹಣದ ಜಮಾ ಖರ್ಚನ್ನೇ ಬರೆಯಲು ಹೇಳಿದೆ. ಹಬ್ಬಕ್ಕೆ ಕೊಟ್ಟದ್ದು, ಹುಟ್ಟುಹಬ್ಬಕ್ಕೆ ಅತ್ತೆ ಮಾವ ಕೊಟ್ಟದ್ದು, ಎಲ್ಲ ಜಮಾ ಕಡೆ ಬಂತು. ಖರ್ಚಿನ ಕಡೆ ಕೊನೆಗೆ ಒಂದು ಸಾಲು: "ಇತರೆ, 4,200." ನಲವತ್ತು ವರ್ಷ ಲೆಕ್ಕ ನೋಡಿದವನಿಗೆ ಇತರೆ ಎಂಬ ಪದ ಕಂಡರೆ ಬೆರಳು ತಾನಾಗಿ ನಿಲ್ಲುತ್ತದೆ. "ಇದೇನು ಪುಟ್ಟಿ?" ಎಂದೆ. ಹುಡುಗಿ ಪುಸ್ತಕದ ಮೇಲೆಯೇ ಅಳತೊಡಗಿದಳು.

ವಿಷಯ ಹೀಗಿತ್ತು. ಬಿ.ಟಿ.ಎಸ್. ತಂಡದ ಹಿರಿಯವನಾದ ಜಿನ್ ಎಂಬವನು ಒಬ್ಬನೇ ಹಾಡಿದ ಹೊಸ ಆಲ್ಬಮ್ ಮೇ ತಿಂಗಳಲ್ಲಿ ಬರುವುದಿತ್ತು. ಗೆಳತಿಯರೆಲ್ಲ ಸೇರಿ, ಮೊಬೈಲಿನಲ್ಲಿ ಪರಿಚಯವಾದ ಯಾರೋ ಒಬ್ಬರಿಗೆ ಒಟ್ಟಾಗಿ ತರಿಸಿಕೊಡಿ ಎಂದು ಹಣ ಕಳಿಸಿದ್ದರು. ಹಣ ಪಡೆದವರು ಮಾಯ. ಮನೆಯಲ್ಲಿ ಹೇಳಿದರೆ ಮತ್ತೆ ಗಲಾಟೆ ಎಂದು ಇಪ್ಪತ್ತು ದಿನ ಒಬ್ಬಳೇ ನುಂಗಿಕೊಂಡಿದ್ದಳು.

ಹಣ ಹೋದದ್ದಕ್ಕಿಂತ, ನಮ್ಮ ಮಗು ನಮಗೆ ಹೆದರಿ ಒಬ್ಬಳೇ ಅತ್ತಳಲ್ಲ ಎಂಬುದು ನನಗೆ ಚುಚ್ಚಿತು. ವ್ಯಾಪಾರದಲ್ಲಿ ನಾನು ಮೋಸ ಹೋಗಿಲ್ಲವೇ? ಒದ್ದೆ ಕೊಬ್ಬರಿಯನ್ನು ಒಣ ಕೊಬ್ಬರಿಯ ದರಕ್ಕೆ ಕೊಂಡು ತಲೆಯ ಮೇಲೆ ಕೈ ಹೊತ್ತವನು ನಾನು. ಅಂದು ನನ್ನ ತಂದೆ ಬೈಯಲಿಲ್ಲ. ಚೀಲ ಬಿಚ್ಚಿ, ಒಂದು ಕೊಬ್ಬರಿ ಒಡೆದು ತೋರಿಸಿದರು. ಅದು ನೆನಪಾಗಿ, "ಅಳಬೇಡ. ಆ ಹಾಡು ಏನೆಂದು ನನಗೂ ಒಂದು ಸಲ ಕೇಳಿಸು. ಸರಕು ನೋಡದೆ ಬೆಲೆ ಕಟ್ಟುವವನು ವ್ಯಾಪಾರಿಯಲ್ಲ" ಎಂದೆ.

ಅಂಗಡಿಯ ಬಾಗಿಲು ಅರ್ಧ ಎಳೆದು, ಮೊಬೈಲನ್ನು ತಕ್ಕಡಿಯ ಪಕ್ಕ ಇಟ್ಟುಕೊಂಡು ಇಬ್ಬರೂ ಕೇಳಿದೆವು. ಆಲ್ಬಮ್ಮಿನ ಹೆಸರು 'ಎಕೋ', ಅಂದರೆ ಪ್ರತಿಧ್ವನಿ. 2025ರ ಮೇ 16ರಂದು ಹೊರಬಂದದ್ದು. ಒಟ್ಟು ಏಳು ಹಾಡು. ಇಷ್ಟು ಚಿಕ್ಕದಾದ್ದರಿಂದ ಇದನ್ನು ಮಿನಿ ಆಲ್ಬಮ್ ಎನ್ನುತ್ತಾರಂತೆ. ನನಗೆ ತಕ್ಷಣ ಹಳೆಯ ಇ.ಪಿ. ತಟ್ಟೆಗಳು ನೆನಪಾದವು. ನಮ್ಮ ಬಾಲ್ಯದಲ್ಲಿ ಕನ್ನಡ ಚಿತ್ರಗೀತೆಗಳು ಬರುತ್ತಿದ್ದ ಏಳು ಅಂಗುಲದ ಗ್ರಾಮಫೋನ್ ತಟ್ಟೆ, ನಿಮಿಷಕ್ಕೆ 45 ಸುತ್ತು. ಆ ಬದಿಗೆ ಎರಡು ಹಾಡು, ಈ ಬದಿಗೆ ಎರಡು ಹಾಡು. ದೊಡ್ಡ ತಟ್ಟೆ ಕೊಳ್ಳಲಾಗದವರು ಚಿಕ್ಕದನ್ನು ಕೊಳ್ಳುತ್ತಿದ್ದರು. "ಇದು ಹಳೆಯ ಸರಕೇ ಕಣಮ್ಮ, ಹೊಸ ಚೀಲ" ಎಂದಾಗ ಹುಡುಗಿ ಅಳುವಿನ ನಡುವೆಯೇ ನಕ್ಕಳು.

ಹಾಡು ಹೇಗಿತ್ತು? ನಾನು ಗದ್ದಲವನ್ನು ನಿರೀಕ್ಷಿಸಿದ್ದೆ. ಗದ್ದಲವಿಲ್ಲ, ಆದರೆ ಹುರುಪಿದೆ. ಗಿಟಾರು, ಡ್ರಮ್ಮು ಹಿಡಿದ ಬ್ಯಾಂಡಿನವರು ಮುಂದೆ ಕುಳಿತು ಬಾರಿಸಿದಂತಿದೆ. 'ಡೋಂಟ್ ಸೇ ಯು ಲವ್ ಮಿ' ಎಂಬ ಮುಖ್ಯ ಹಾಡು ಸ್ವಲ್ಪ ನಿಧಾನದ್ದು. ಅಗಲಬೇಕಾದ ಇಬ್ಬರು ಅಗಲಲಾರದೆ ಪಡುವ ಸಂಕಟ. 'ರೋಪ್ ಇಟ್' ಎಂಬುದು ಅಮೆರಿಕದ ದನಗಾಹಿಗಳ ಧಾಟಿಯದು, ಕುದುರೆ ಓಟದಂತೆ ಸಾಗುತ್ತದೆ. ಅದಕ್ಕೆ ನನ್ನ ಕಾಲು ತಾನಾಗಿ ತಾಳ ಹಾಕಿತು ಎಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ. ಹುಡುಗನ ಕಂಠ ಎತ್ತರದ ಸ್ಥಾಯಿಯಲ್ಲೂ ಒಡೆಯುವುದಿಲ್ಲ. ಭಾಷೆ ತಿಳಿಯದಿದ್ದರೂ ಆಯಾಸವಾಗಲಿಲ್ಲ.

ಅನಂತರ ಆ ಹುಡುಗನ ಚರಿತ್ರೆ ಕೇಳಿದೆ. ಹೆಸರು ಕಿಮ್ ಸೊಕ್‌ಜಿನ್, ಹುಟ್ಟಿದ್ದು 1992ರ ಡಿಸೆಂಬರ್ 4. ತಂಡ ರಂಗಕ್ಕೆ ಬಂದದ್ದು 2013ರ ಜೂನ್ 13ರಂದು. ಆ ದೇಶದಲ್ಲಿ ದೃಢಕಾಯರಾದ ಗಂಡುಮಕ್ಕಳೆಲ್ಲ ಸೈನ್ಯದಲ್ಲಿ ಸೇವೆ ಸಲ್ಲಿಸಲೇಬೇಕು. ಹೆಸರುವಾಸಿಯಾದ ಕಲಾವಿದರು 30 ವರ್ಷದವರೆಗೆ ಮುಂದೂಡಬಹುದೆಂದು 2020ರಲ್ಲಿ ಕಾನೂನು ತಿದ್ದಿದರು. 30 ತುಂಬಿದ ಕೆಲವೇ ದಿನಗಳಲ್ಲಿ, 2022ರ ಡಿಸೆಂಬರ್ 13ರಂದು, ಈತ ತಲೆ ಬೋಳಿಸಿಕೊಂಡು ಸೈನ್ಯಕ್ಕೆ ಸೇರಿದ. ಹದಿನೆಂಟು ತಿಂಗಳು ಸೇವೆ ಮಾಡಿ 2024ರ ಜೂನ್ 12ರಂದು ಹೊರಬಂದ. ಮರುದಿನವೇ ತಂಡದ ಹುಟ್ಟುಹಬ್ಬದ ನೆಪದಲ್ಲಿ ಸಾವಿರ ಅಭಿಮಾನಿಗಳನ್ನು ಒಬ್ಬೊಬ್ಬರಾಗಿ ಅಪ್ಪಿಕೊಂಡು ಕೃತಜ್ಞತೆ ಹೇಳಿದ. ಆ ವರ್ಷ ನವೆಂಬರ್ 15ರಂದು ಆರು ಹಾಡುಗಳ 'ಹ್ಯಾಪಿ', ಮುಂದಿನ ಮೇ ತಿಂಗಳಲ್ಲಿ ಈ 'ಎಕೋ'. ಕೋಟಿಗಟ್ಟಲೆ ಸಂಪಾದಿಸುವವನು ಎಲ್ಲರಂತೆ ಸರದಿಯಲ್ಲಿ ನಿಂತು ಕರ್ತವ್ಯ ಮುಗಿಸಿ ಬಂದನೆಂಬುದನ್ನು ನಾನು ಮೆಚ್ಚಿದೆ.

ಇನ್ನೊಬ್ಬ ಗಾಯಕನ ಕಥೆ ನಮ್ಮಂಥ ವ್ಯಾಪಾರಸ್ಥರಿಗೆ ಇನ್ನೂ ಹತ್ತಿರದ್ದು. 'ಗಂಗ್ನಂ ಸ್ಟೈಲ್' ಹಾಡನ್ನು ಮದುವೆ ಮನೆಗಳಲ್ಲಿ ನೀವೂ ಕೇಳಿರುತ್ತೀರಿ. 2012ರ ಜುಲೈಯಲ್ಲಿ ಬಂದು, ಅದೇ ಡಿಸೆಂಬರ್ 21ರಂದು ಯೂಟ್ಯೂಬಿನಲ್ಲಿ ನೂರು ಕೋಟಿ ಸಲ ನೋಡಿಸಿಕೊಂಡ ಮೊದಲ ವಿಡಿಯೋ ಎನಿಸಿತು. ಅದನ್ನು ಹಾಡಿದ ಸೈ ಎಂಬವನ ತಂದೆ ಉದ್ಯಮಿ. ಮಗ ವ್ಯಾಪಾರ ಶಾಸ್ತ್ರ ಕಲಿತು ಬಂದು ತಮ್ಮ ಕಂಪನಿ ನೋಡಿಕೊಳ್ಳಲಿ ಎಂದು ಅಮೆರಿಕಕ್ಕೆ ಕಳಿಸಿದರೆ, ಮಗ ಓದುವುದನ್ನು ಬಿಟ್ಟು ಸಂಗೀತದ ಹಿಂದೆ ಬಿದ್ದ. ಆ ತಂದೆಯ ಹೊಟ್ಟೆಯುರಿ ನಮಗೆಲ್ಲ ಅರ್ಥವಾಗುತ್ತದೆ. ಹಾಗೆಂದು ಓದು ಬಿಟ್ಟವರೆಲ್ಲ ಸೈ ಆಗುವುದಿಲ್ಲ ಎಂದು ಮೊಮ್ಮಗಳಿಗೆ ಅಂದೇ ಸ್ಪಷ್ಟಪಡಿಸಿದ್ದೇನೆ.

ಈಗ ವ್ಯಾಪಾರದ ಮಾತು. ಹಾಡು ಮೊಬೈಲಿನಲ್ಲಿ ಪುಕ್ಕಟೆ ಸಿಗುವಾಗ ಸಿ.ಡಿ. ಯಾಕೆ ಬೇಕು? ಮನೆಯಲ್ಲಿ ಸಿ.ಡಿ. ಹಾಕುವ ಯಂತ್ರವೇ ಇಲ್ಲ! ಇದನ್ನು ಕೇಳಿದಾಗ ಒಳಗುಟ್ಟು ತಿಳಿಯಿತು. ಆ ಪೆಟ್ಟಿಗೆಯಲ್ಲಿ ಸಿ.ಡಿ.ಯ ಜೊತೆ ಚಿತ್ರಗಳ ಪುಸ್ತಕ ಮತ್ತು ಫೋಟೋ ಕಾರ್ಡ್ ಎಂಬ ಅಂಗೈಯಗಲದ ಚಿತ್ರ ಇರುತ್ತದೆ. ಯಾವ ಚಿತ್ರ ಬರುತ್ತದೆಂದು ಒಡೆಯುವವರೆಗೆ ಗೊತ್ತಾಗದು. ಬೇಕಾದದ್ದು ಬರುವವರೆಗೆ ಕೆಲವರು ನಾಲ್ಕು, ಹತ್ತು ಪೆಟ್ಟಿಗೆ ಕೊಳ್ಳುತ್ತಾರೆ. 2010ರ ಸುಮಾರಿಗೆ ಹುಟ್ಟಿದ ಈ ಉಪಾಯ ಎಷ್ಟು ಬೆಳೆಯಿತೆಂದರೆ, 2023ರಲ್ಲಿ ಕೊರಿಯಾದ ಆಲ್ಬಮ್ ಮಾರಾಟ ಹತ್ತು ಕೋಟಿ ಪ್ರತಿ ಮೀರಿತು. ನಾವು ಹುಡುಗರಾಗಿದ್ದಾಗ ಬೆಂಕಿಪೊಟ್ಟಣದ ಚಿತ್ರ ಕೂಡಿಸಲು ಹುಡುಕಾಡುತ್ತಿದ್ದೆವಲ್ಲ, ಅದೇ ಆಸೆ. ಆದರೆ ನಾವು ಆಯ್ದುಕೊಳ್ಳುತ್ತಿದ್ದುದು ಬೀದಿಯಲ್ಲಿ ಬಿದ್ದ ಖಾಲಿ ಪೊಟ್ಟಣ.

ಕಾರ್ಡು ತೆಗೆದುಕೊಂಡು ಉಳಿದ ಪ್ಲಾಸ್ಟಿಕ್ಕನ್ನು ಎಸೆಯುವವರೂ ಇದ್ದಾರೆ. ಸಂತೋಷದ ಸಂಗತಿಯೆಂದರೆ ಇದನ್ನು ವಿರೋಧಿಸಿ ಅಭಿಮಾನಿಗಳೇ 2021ರಲ್ಲಿ 'ಕೆಪಾಪ್ ಫಾರ್ ಪ್ಲಾನೆಟ್' ಎಂಬ ಸಂಘ ಕಟ್ಟಿದರು. ಅದೇ ಬಿ.ಟಿ.ಎಸ್. ತಂಡದ ಜೆ-ಹೋಪ್ 2022ರ ಜುಲೈಯಲ್ಲಿ 'ಜ್ಯಾಕ್ ಇನ್ ದಿ ಬಾಕ್ಸ್' ಎಂಬ ಆಲ್ಬಮ್ ತಂದಾಗ ಅದರಲ್ಲಿ ಸಿ.ಡಿ.ಯನ್ನೇ ಇಡಲಿಲ್ಲ, ಒಂದು ಸಂಕೇತ ಚೀಟಿಯನ್ನು ಮೊಬೈಲಿಗೆ ತೋರಿಸಿದರೆ ಹಾಡು ಬರುವ ಏರ್ಪಾಡು ಮಾಡಿದರು. ಮುಂದಿನ ವರ್ಷ ಅದೂ ಸಿ.ಡಿ. ರೂಪದಲ್ಲಿ ಬಂತೆನ್ನುವುದು ಬೇರೆ ಮಾತು. ಮೊಮ್ಮಗಳಿಗೆ ನಾನು ಹೇಳಿದ್ದು ಇಷ್ಟೇ: "ನಮ್ಮ ಹಿರಿಯರು ಪರಿಗ್ರಹ ಪರಿಮಾಣ ಎಂದದ್ದು ಬಂಗಾರಕ್ಕೆ ಮಾತ್ರವಲ್ಲ, ಈ ಕಾರ್ಡಿಗೂ ಸಲ್ಲುತ್ತದೆ. ಹಾಡು ಎಷ್ಟು ಸಲ ಬೇಕಾದರೂ ಕೇಳು. ಪೆಟ್ಟಿಗೆ ಒಂದೇ ಇರಲಿ."

ಆಕೆ ಸ್ವಲ್ಪ ಯೋಚಿಸಿ, "ಬಂದ ಕಾರ್ಡು ಇಷ್ಟವಾಗದಿದ್ದರೆ?" ಎಂದಳು. "ಗೆಳತಿಯ ಹತ್ತಿರ ಬದಲಾಯಿಸಿಕೋ. ವ್ಯಾಪಾರ ಹುಟ್ಟಿದ್ದೇ ಹಾಗೆ" ಎಂದೆ. ಮಗನಿಗೂ ಸೊಸೆಗೂ ನಾನೇ ವಿಷಯ ತಿಳಿಸಿದೆ. ಸೊಸೆಗೆ ಮೊದಲು ಸಿಟ್ಟು ಬಂತು. "ಮಾವ, ನೀವೇ ಹೀಗೆ ಸಲಿಗೆ ಕೊಟ್ಟರೆ ಹೇಗೆ?" ಎಂದಳು. ತಾಯಿಯ ಭಯ ತಪ್ಪೆಂದು ನಾನು ಹೇಳಲಾರೆ. ಕರೂರಿನ ಆ ಮಕ್ಕಳ ತಾಯಂದಿರು ಪಟ್ಟ ಪಾಡು ಯಾರಿಗೂ ಬೇಡ. ಆದರೆ ಆ ಮಕ್ಕಳು ಹಡಗಿನ ದಾರಿಯನ್ನು ಮನೆಯಲ್ಲಿ ಒಬ್ಬರ ಹತ್ತಿರ ಬಾಯಿ ಬಿಟ್ಟು ಕೇಳಿದ್ದರೆ, ಪಾಸ್‌ಪೋರ್ಟ್ ಇಲ್ಲದೆ ಯಾರೂ ಹತ್ತಿಸುವುದಿಲ್ಲ ಎಂಬ ಒಂದು ಮಾತಿನಲ್ಲಿ ಆ ಯಾತ್ರೆ ಮನೆಯಲ್ಲೇ ಮುಗಿಯುತ್ತಿತ್ತಲ್ಲವೇ? ಇದನ್ನು ಹೇಳಿದ ಮೇಲೆ ಸೊಸೆ ಸುಮ್ಮನಾದಳು. ರಾತ್ರಿ ಮಗಳ ಕೋಣೆಯಿಂದ ತಾಯಿ ಮಗಳು ಮಾತಾಡುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

ಒಂದು ಪೆಟ್ಟಿಗೆಯನ್ನು ರಸೀದಿ ಕೊಡುವ ಅಂಗಡಿಯಿಂದಲೇ ತರಿಸಿದೆವು. ಅರ್ಧ ಹಣ ಆಕೆಯ ಹುಂಡಿಯದು, ಅರ್ಧ ನನ್ನದು. ಕಿರ್ದಿಯಲ್ಲಿ ಇತರೆ ಎಂದಿದ್ದ ಸಾಲನ್ನು ಆಕೆಯೇ ಹೊಡೆದು, "ಮೋಸಹೋದ ಬಾಬ್ತು, 4,200" ಎಂದು ತಿದ್ದಿ ಬರೆದಳು.

ಕೊನೆಯದಾಗಿ ಒಂದು ಸಂಗತಿ. ಆ ರಜೆಯಲ್ಲೇ ಒಂದು ಭಾನುವಾರ ಮೊಮ್ಮಗಳನ್ನು ಈರೋಡ್–ಕಾಂಗೇಯಂ ದಾರಿಯಲ್ಲಿರುವ ಅರಚ್ಚಲೂರಿಗೆ ಕರೆದುಕೊಂಡು ಹೋದೆ. ಅಲ್ಲಿನ ನಾಗಮಲೆ ಬೆಟ್ಟದ ಗುಹೆಯಲ್ಲಿ ನಮ್ಮ ಮುನಿಗಳು ಮಲಗುತ್ತಿದ್ದ ಕಲ್ಲುಹಾಸುಗಳಿವೆ. ಪಕ್ಕದಲ್ಲೇ ಒಂದು ಶಾಸನ. ಸುಮಾರು 4ನೇ ಶತಮಾನದ್ದೆಂದು ಲಿಪಿತಜ್ಞ ಐರಾವತಂ ಮಹಾದೇವನ್ ನಿರ್ಣಯಿಸಿದ್ದಾರೆ. ಸಾಲಿಗೆ ಐದರಂತೆ ಐದು ಸಾಲು ತಾಳದ ಅಕ್ಷರಗಳು. ಅಡ್ಡ ಓದಿದರೂ ಉದ್ದ ಓದಿದರೂ ಒಂದೇ. ಕುಣಿತದ ಹೆಜ್ಜೆಗೆ ಹೇಳುವ ಸೊಲ್ಲುಗಳಿವು ಎನ್ನುತ್ತಾರೆ ವಿದ್ವಾಂಸರು. ಅದನ್ನು ಜೋಡಿಸಿದವನ ಹೆಸರೂ ಅಲ್ಲೇ ಇದೆ: ದೇವನ್ ಸಾತ್ತನ್. ಅವನ ಕಸುಬು ವಣ್ಣಕ್ಕನ್, ಅಂದರೆ ನಾಣ್ಯದ ಚೊಕ್ಕತನ ಪರೀಕ್ಷಿಸುವವನು. ಹಗಲೆಲ್ಲ ಹಣ ಎಣಿಸುವ ಪೇಟೆಯ ಮನುಷ್ಯ ತಾಳವನ್ನೂ ಎಣಿಸಿ ಕಲ್ಲಿಗೆ ಹಾಕಿಸಿದ್ದಾನೆ.

ಮೊಮ್ಮಗಳು ಆ ಅಕ್ಷರಗಳ ಮೇಲೆ ಕೈ ಇಡದೆ, ಗಾಳಿಯಲ್ಲೇ ಬೆರಳಾಡಿಸಿ ಎಣಿಸಿದಳು. "ತಾತ, ಈತ ನಿಮ್ಮ ಹಾಗೆ ಅಂಗಡಿಯವನಾ?" ಎಂದು ಕೇಳಿದಳು. ಹೌದೆಂದೆ. ಇಳಿಯುವಾಗ ನನ್ನ ಮಂಡಿ ನೋವಿಗೆ ಆಕೆ ಕೈ ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ಮೊಬೈಲು, ಅದರಲ್ಲಿ ಆ ಕುದುರೆ ಓಟದ ಹಾಡು.

ನಿಮ್ಮ ಮನೆಗಳಲ್ಲಿಯೂ ಇಂಥ ಹಾಡುಗಳು ಕೇಳಿಬರುತ್ತಿರಬಹುದು. ಬಾಗಿಲು ಬಡಿಯುವ ಮೊದಲು ಒಂದು ಸಲ ಮಕ್ಕಳ ಪಕ್ಕದಲ್ಲಿ ಕುಳಿತು ಕೇಳಿ. ಏಳು ಹಾಡಿಗೆ ಅರ್ಧ ಗಂಟೆಯೂ ಬೇಡ. ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದು ಹೇಳಿ, ಚಿಂತೆಯಿಲ್ಲ. ನಿಮ್ಮ ಅನುಭವಗಳಿದ್ದರೆ ಈ ಪತ್ರಿಕೆಗೆ ಬರೆದು ತಿಳಿಸಿ. ನನ್ನ ಸೊಸೆಗೂ ಓದಿ ಹೇಳುತ್ತೇನೆ.