ಒಂದೇ ಅಂಗಡಿಯ ಎರಡು ಚಾಕುಗಳು

ಬಾದಾಮಿಯಿಂದ ಸುಮಾರು ಐದು ಕಿಲೋಮೀಟರು ದೂರದಲ್ಲಿ, ಚೊಳಚಗುಡ್ಡದ ಬಳಿ, ಬನಶಂಕರಿಯ ಗುಡಿಯಿದೆ. ಪುಷ್ಯ ಮಾಸದ ಹುಣ್ಣಿಮೆಯಂದು, ಎಂದರೆ ಬನದ ಹುಣ್ಣಿಮೆಯಂದು, ಅಲ್ಲಿ ತೇರು ಎಳೆಯುವರು. ತೇರು ಒಂದು ದಿನದ್ದಾದರೂ ಜಾತ್ರೆ ವಾರಗಟ್ಟಲೆ ನಡೆಯುವುದು. ನಾಟಕ ಕಂಪನಿಗಳ ಡೇರೆಗಳು, ಕೆತ್ತನೆಯ ಬಾಗಿಲು ಚೌಕಟ್ಟುಗಳ ಸಾಲು, ದನದ ಪೇಟೆ ಇವುಗಳಿಗಾಗಿ ದೂರದೂರದಿಂದ ಜನ ಬರುವರು. ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸುವ ನನ್ನನ್ನು ಅಲ್ಲಿ ಹಿಡಿದು ನಿಲ್ಲಿಸಿದುದು ಮಾತ್ರ ಕಂಬಾರರ ಒಂದು ಸಣ್ಣ ಅಂಗಡಿ.

ಅಂಗಡಿಯೆಂದರೆ ನೆಲದ ಮೇಲೆ ಬಿಚ್ಚಿ ಹಾಸಿದ ಗೋಣಿಚೀಲಗಳು. ಎಡಗಡೆ ಮಾವನ ಸರಕು, ಬಲಗಡೆ ಅಳಿಯನದು: ಕುಡಗೋಲು, ಕೊಡಲಿ, ಈಳಿಗೆ, ಚಾಕು. ಜಾಗದ ಬಾಡಿಗೆಯಲ್ಲಿ ಅರ್ಧ ಉಳಿಯಲೆಂದು ಇಬ್ಬರೂ ಒಂದೇ ಅಂಗಡಿ ಹಿಡಿದಿದ್ದರು. ಮಾವನು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಗಳನ್ನು ಬಡಿದು ಆಯುಧ ಮಾಡುವವನು. ಅಳಿಯನು ಸವೆದುಹೋದ ಅರಗಳನ್ನು ಕೊಂಡು ತಂದು ಚಾಕು ಮಾಡುವವನು. ಎರಡು ವರ್ಷಗಳ ಹಿಂದೆ ನಾನು ಇಬ್ಬರಿಂದಲೂ ಒಂದೊಂದು ಚಾಕು ಕೊಂಡೆನು. ನೋಟಕ್ಕೆ ಅವು ಅವಳಿಗಳಂತಿದ್ದವು.

ಆರು ತಿಂಗಳು ಕಳೆಯುವುದರೊಳಗೆ ಅವುಗಳ ಗುಣ ಬೇರೆಯೆಂಬುದು ಮನೆಯಲ್ಲಿ ತಿಳಿದುಹೋಯಿತು. ಮಾವನ ಚಾಕಿನ ಬಾಯಿ ಬೇಗ ಬೇಗ ಮೊಂಡಾಗುತ್ತಿತ್ತು. ಆದರೆ ಕಲ್ಲಿಗೆ ನಾಲ್ಕು ಸಲ ಮಸೆದರೆ ಮತ್ತೆ ಹರಿತ. ಅಳಿಯನ ಚಾಕನ್ನು ಮಸೆಯುವ ಪ್ರಸಂಗವೇ ಬರಲಿಲ್ಲ. ಒಂದು ದಿನ ಅದರಿಂದ ತೆಂಗಿನಕಾಯಿಯ ಕರಟಕ್ಕೆ ಹೊಡೆದೆವು. ಬಾಯಿಯಲ್ಲಿ ಜೋಳದ ಕಾಳಿನಷ್ಟು ದೊಡ್ಡ ಹಲ್ಲು ಕಿತ್ತುಹೋಯಿತು! ಮರುವರ್ಷದ ಜಾತ್ರೆಗೆ ಆ ಚಾಕನ್ನು ಕಾಗದದಲ್ಲಿ ಸುತ್ತಿಕೊಂಡು ಹೋದೆನು. ಹಿರಿಯನು ಅದನ್ನು ತಿರುಗಿಸಿ ನೋಡಿದನು.

“ಸರ್, ಇದರ್ಲೆ ಏನು ಕೊಯ್ದ್ರಿ?”

ಹೇಳಿದೆನು.

“ಇದು ಪಲ್ಲೆ ಹೆಚ್ಚೂ ಚಾಕುರಿ. ಕಾಯಿ ಒಡಿಯೂದಕ್ಕ ಬ್ಯಾರೆ ಹದ ಬೇಕು. ಕೊಳ್ಳೂಮುಂದ ಹೇಳಬೇಕಿತ್ತು ನೀವು.”

“ಮಾವಾ, ನಾನೂ ಕೇಳಬೇಕಾಗಿತ್ತು,” ಎಂದನು ಅಳಿಯ, ತಲೆ ತಗ್ಗಿಸಿ.

ಹದವೆಂದರೇನು? ಒಂದೇ ಲೋಹ ಒಮ್ಮೆ ಬಾಗುವುದೂ ಒಮ್ಮೆ ಚೂರಾಗುವುದೂ ಏತಕ್ಕೆ?

ಮೊದಲು ಚಾಕಿನ ಬಾಯಿಯ ಮೇಲೆ ಬೀಳುವ ಹೊರೆಯನ್ನು ಲೆಕ್ಕಹಾಕೋಣ. ಚೆನ್ನಾಗಿ ಮಸೆದ ಬಾಯಿಯ ಅಗಲ ಸುಮಾರು ಒಂದು ಮೈಕ್ರೋಮೀಟರು, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ ಎಂದಿಟ್ಟುಕೊಳ್ಳೋಣ. ಅದರ 5 ಸೆಂಟಿಮೀಟರು ಉದ್ದ ಬದನೆಕಾಯಿಯನ್ನು ಮುಟ್ಟಿದೆ. ಕೈ ಒಂದು ಕಿಲೋಗ್ರಾಂ ತೂಕದಷ್ಟು ಒತ್ತುತ್ತಿದೆ. ಬಲವನ್ನು ಕ್ಷೇತ್ರಫಲದಿಂದ ಭಾಗಿಸಿರಿ: ವಾಯುಮಂಡಲದ ಒತ್ತಡದ ಸುಮಾರು 2000 ಪಟ್ಟು ಬರುವುದು. ಬದನೆಕಾಯಿ ಸೀಳುವುದರಲ್ಲಿ ಆಶ್ಚರ್ಯವೇನಿದೆ? ಆದರೆ ನ್ಯೂಟನ್ನನ ಮೂರನೆಯ ನಿಯಮವನ್ನು ಮರೆಯಬಾರದು. ಅಷ್ಟೇ ಒತ್ತಡವನ್ನು ಉಕ್ಕಿನ ಆ ಕೂದಲೆಳೆಗಿಂತ ತೆಳುವಾದ ಅಂಚೂ ತಾಳಿಕೊಳ್ಳಬೇಕು. ಅದು ಮೆತ್ತಗಿದ್ದರೆ ಮಡಿಚಿಕೊಳ್ಳುವುದು. ಮಡಿಚದಿರುವಂತೆ ಗಡುಸು ಮಾಡಿದರೆ, ಪೆಟ್ಟು ಬಿದ್ದಾಗ ಮುರಿಯುವುದು. ಕಂಬಾರನ ಕಸುಬೆಲ್ಲ ಈ ಇಕ್ಕಟ್ಟಿನೊಳಗೇ ನಡೆಯುತ್ತದೆ.

ಗಡುಸುತನಕ್ಕೆ ಮೂಲವು ಇಂಗಾಲ. ಶುದ್ಧ ಕಬ್ಬಿಣ ಮೆತ್ತನೆಯದು. ಅದರಲ್ಲಿ ನೂರಕ್ಕೆ ಅರ್ಧ ಭಾಗದಿಂದ ಒಂದೂವರೆ ಭಾಗದವರೆಗೆ ಇಂಗಾಲ ಬೆರೆತರೆ ಆಯುಧದ ಉಕ್ಕಾಗುವುದು. ಲಾರಿಯ ಸ್ಪ್ರಿಂಗಿನಲ್ಲಿ ಇಂಗಾಲವು ನೂರಕ್ಕೆ ಸುಮಾರು 0.6 ಭಾಗ, ಅರದಲ್ಲಿ ಒಂದು ಭಾಗಕ್ಕಿಂತಲೂ ತುಸು ಹೆಚ್ಚು. ಒಂದೇ ಅಂಗಡಿಯ ಎರಡು ಚಾಕುಗಳ ಅಂತರ ಇಲ್ಲಿಯೇ ಮೊದಲಾಯಿತು.

ಇಷ್ಟು ಸಣ್ಣ ಸಂಗತಿಯನ್ನು ಕಂಡುಕೊಳ್ಳುವುದು ಸುಲಭವಾಗಿರಲಿಲ್ಲ. ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಗಳಲ್ಲಿ ಕಾಸಿ ತೆಗೆಯುತ್ತಿದ್ದ ಉಕ್ಕು ಯುರೋಪಿನಲ್ಲಿ ‘ವೂಟ್ಸ್’ ಎಂದು ಹೆಸರಾಗಿತ್ತು. ಆ ಪದ ನಮ್ಮ ‘ಉಕ್ಕು’ ಎಂಬುದರ ಅಪಭ್ರಂಶವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಉಕ್ಕು ಮಾಡುವ ಕ್ರಮವನ್ನು ಕಂಡು ಬರೆದಿಟ್ಟಿದ್ದಾನೆ. ಲಂಡನ್ನಿನಲ್ಲಿ ಅದರ ಗುಟ್ಟನ್ನು ಬೆನ್ನಟ್ಟಿದವನು ಮೈಕೇಲ್ ಫ್ಯಾರಡೆ, ಒಬ್ಬ ಕಂಬಾರನ ಮಗ. 1819ರ ಸುಮಾರಿನಲ್ಲಿ ಅವನು ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಕನೊಡನೆ ಕೂಡಿ ಉಕ್ಕಿನ ಪ್ರಯೋಗಗಳನ್ನು ಆರಂಭಿಸಿದನು. ವಿಜ್ಞಾನಿಯೂ ಕಸುಬುದಾರನೂ ಒಂದೇ ಅಂಗಡಿ ಹಿಡಿದಂತಾಯಿತು! ಆದರೂ ವೂಟ್ಸಿನ ಹಿರಿಮೆಗೆ ಅದರಲ್ಲಿರುವ ಅಲ್ಯೂಮಿನಿಯಮ್ಮೇ ಕಾರಣವೆಂದು ಫ್ಯಾರಡೆ ಶಂಕಿಸಿದನು. ಅಂಥವನ ಊಹೆಯೂ ತಪ್ಪಾಗಿತ್ತು. ಪರೀಕ್ಷೆಯಲ್ಲಿ ತಪ್ಪಿದ ವಿದ್ಯಾರ್ಥಿಗಳಿಗೆ ನಾನು ಈ ಕಥೆಯನ್ನು ಹೇಳುವುದುಂಟು.

ಇಂಗಾಲವಿದ್ದ ಮಾತ್ರಕ್ಕೆ ಉಕ್ಕು ಗಡುಸಾಗದು. ಕೆಂಪಗೆ ಕಾಸಿ ಥಟ್ಟನೆ ತಣಿಸಬೇಕು. ಕಬ್ಬಿಣದ ಪರಮಾಣುಗಳು ಸಾಮಾನ್ಯ ಉಷ್ಣತೆಯಲ್ಲಿ ಘನಾಕೃತಿಯ ಎಂಟು ಮೂಲೆಗಳಲ್ಲಿ ಒಂದೊಂದು, ನಡುವೆ ಒಂದು, ಹೀಗೆ ನಿಂತಿರುತ್ತವೆ. ಈ ಜೋಡಣೆಯಲ್ಲಿ ಇಂಗಾಲಕ್ಕೆ ಎಡೆ ಬಹಳ ಕಡಿಮೆ. ಹೆಚ್ಚೆಂದರೆ ನೂರಕ್ಕೆ 0.02 ಭಾಗ ಸೇರಬಲ್ಲದು. ಉಕ್ಕನ್ನು ಸುಮಾರು 730 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಸಿದಾಗ ಪರಮಾಣುಗಳು ಸ್ಥಾನ ಬದಲಿಸುತ್ತವೆ: ನಡುವಿನದು ಹೋಗಿ, ಘನದ ಆರು ಮುಖಗಳ ಮಧ್ಯದಲ್ಲಿ ಒಂದೊಂದು ಬರುತ್ತದೆ. ಈ ಹೊಸ ಜೋಡಣೆಯ ಸಂದುಗಳು ದೊಡ್ಡವು. ಉಷ್ಣತೆ ಇನ್ನೂ ಏರಿದಂತೆ ನೂರಕ್ಕೆ ಎರಡು ಭಾಗದವರೆಗೂ ಇಂಗಾಲ ಅಲ್ಲಿ ಹಿಡಿಸಬಲ್ಲದು.

ಈಗ ತೇರಿನ ದಿನದ ಜನಸಂದಣಿಯನ್ನು ನೆನೆಯಿರಿ. ತೇರು ನಿಂತ ಬಳಿಕ ಜನ ನಿಧಾನವಾಗಿ ಚದರಿದರೆ ಎಲ್ಲರೂ ತಮ್ಮ ತಮ್ಮ ದಾರಿ ಹಿಡಿಯುವರು. ಹಾಗೆಯೇ ಉಕ್ಕು ನಿಧಾನವಾಗಿ ಆರಿದರೆ ಇಂಗಾಲವು ಹೊರಬಂದು ಬೇರೆ ಪದರಗಳಾಗಿ ಕೂಡಿಕೊಳ್ಳುವುದು, ಉಕ್ಕು ಮೆತ್ತಗಾಗುವುದು. ಅದರ ಬದಲು ಎಲ್ಲ ಬಾಗಿಲುಗಳನ್ನೂ ಒಮ್ಮೆಲೇ ಮುಚ್ಚಿದರೆ? ಇದ್ದವರು ಇದ್ದಲ್ಲಿಯೇ ಸಿಕ್ಕಿಕೊಳ್ಳುವರು. ಥಟ್ಟನೆ ತಣಿಸಿದ ಉಕ್ಕಿನಲ್ಲಿ ಇಂಗಾಲದ ಪಾಡು ಇದೇ. ಕಬ್ಬಿಣದ ಪರಮಾಣುಗಳು ಹಳೆಯ ಜೋಡಣೆಗೆ ಮರಳಲು ಹೋಗುತ್ತವೆ, ಸಿಕ್ಕಿಬಿದ್ದ ಇಂಗಾಲ ಬಿಡದು. ಘನವು ಒಂದು ದಿಕ್ಕಿಗೆ ಎಳೆದಂತೆ ಉದ್ದವಾಗುವುದು. ಹೀಗೆ ಬಿಗಿದುಕೊಂಡ ಹರಳುಗಳಿಗೆ ಜರ್ಮನಿಯ ಅಡಾಲ್ಫ್ ಮಾರ್ಟೆನ್ಸನ ಹೆಸರಿನಿಂದ ಮಾರ್ಟೆನ್ಸೈಟ್ ಎನ್ನುತ್ತಾರೆ. ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರಲಾರವು. ಆದುದರಿಂದ ಲೋಹ ಬಾಗದು. ಜಾರಲಾರದ್ದು ಪೆಟ್ಟನ್ನು ನುಂಗಲಾರದು, ಆದುದರಿಂದ ಮುರಿಯುವುದು.

ಕಾಸಿದುದು ಸಾಕೆಂದು ತಿಳಿಯುವ ಬಗೆ ಹೇಗೆ? ಕಬ್ಬಿಣವು ಸುಮಾರು 770 ಡಿಗ್ರಿಯಲ್ಲಿ ತನ್ನ ಅಯಸ್ಕಾಂತ ಗುಣವನ್ನು ಕಳೆದುಕೊಳ್ಳುತ್ತದೆ. ಅಯಸ್ಕಾಂತ ಅಂಟದಿದ್ದರೆ ಸಾಕಷ್ಟು ಕಾದಿದೆ ಎಂದು ತಿಳಿಯಬಹುದು. ನಾನು ಪ್ರಯೋಗಾಲಯದ ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆನು. ಹಿರಿಯನಿಗೆ ಅದನ್ನು ಕಂಡು ನಗು ಬಂದಿತು. ಅವನು ನೆರಳಿನಲ್ಲಿ ಕುಲುಮೆ ಹೂಡಿದುದು ಬಿಸಿಲಿನ ಅಂಜಿಕೆಯಿಂದಲ್ಲ. ಬಿಸಿಲಿನಲ್ಲಿ ಕೆಂಪಿನ ಛಾಯೆ ಕಣ್ಣನ್ನು ಮೋಸಗೊಳಿಸುವುದು.

ಬರಿದೇ ತಣಿಸಿದ ಉಕ್ಕು ಗಾಜಿನಂತೆ ಪೆಡಸು. ಅದನ್ನು ಮತ್ತೆ ಮಂದವಾಗಿ ಕಾಸಿದರೆ ಸಿಕ್ಕಿಬಿದ್ದ ಇಂಗಾಲದಲ್ಲಿ ಸ್ವಲ್ಪ ಹೊರಬಂದು ಬಿಗಿ ಸಡಿಲುವುದು. ಗಡುಸುತನವನ್ನು ತುಸು ಕೊಟ್ಟು ಗಟ್ಟಿತನವನ್ನು ಕೊಳ್ಳುವ ವ್ಯಾಪಾರವಿದು, ಹದವೆಂಬುದು ಇದಕ್ಕೇ. ಎಷ್ಟು ಕೊಟ್ಟು ಎಷ್ಟು ಕೊಳ್ಳಬೇಕೆಂಬುದನ್ನು ನನ್ನ ಚಾಕಿನ ಮೇಲೆಯೇ ಹಿರಿಯನು ತೋರಿಸಿದನು.

ಕಿತ್ತ ಹಲ್ಲು ಮಾಯವಾಗುವಷ್ಟು ಬಾಯಿಯನ್ನು ಸಾಣೆ ಹಿಡಿದನು. ಅಲಗನ್ನು ತಿಕ್ಕಿ ಬೆಳ್ಳಗೆ ಮಾಡಿ, ಚೆನ್ನಾಗಿ ಕಾಸಿದ ದಪ್ಪ ಕಬ್ಬಿಣದ ತುಂಡಿನ ಮೇಲೆ ಅದರ ಬೆನ್ನನ್ನು ಇಟ್ಟನು. ಸ್ವಲ್ಪ ಹೊತ್ತಿನಲ್ಲಿ ಬೆನ್ನಿನಿಂದ ಬಣ್ಣಗಳು ಹೊರಟವು: ಮುಂದೆ ಒಣಹುಲ್ಲಿನ ಹಳದಿ, ಅದರ ಹಿಂದೆ ಕಂದು, ಅದರ ಹಿಂದೆ ನೇರಳೆ, ಕೊನೆಗೆ ನೀಲಿ. ಮೆರವಣಿಗೆಯಂತೆ ಅವು ಬಾಯಿಯ ಕಡೆಗೆ ಸರಿದವು. ನೇರಳೆ ಬಣ್ಣ ಬಾಯಿಯನ್ನು ಮುಟ್ಟಿದೊಡನೆ ಚಾಕನ್ನು ನೀರಿಗೆ ಅದ್ದಿದನು.

ಈ ಬಣ್ಣಗಳು ಉಕ್ಕಿನವಲ್ಲ. ಕಾದ ಉಕ್ಕಿನ ಮೇಲೆ ಗಾಳಿಯ ಆಮ್ಲಜನಕ ಸೇರಿ ಆಕ್ಸೈಡಿನ ಪೊರೆ ಕಟ್ಟುವುದು. ಅದರ ದಪ್ಪ ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಪೊರೆಯ ಮೇಲ್ಮೈಯಿಂದ ಮರಳಿದ ಬೆಳಕಿನ ಅಲೆಯೂ ಕೆಳಗಿನ ಉಕ್ಕಿನಿಂದ ಮರಳಿದ ಅಲೆಯೂ ಕೂಡಿದಾಗ ಕೆಲವು ಬಣ್ಣಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಸಾಬೂನಿನ ಗುಳ್ಳೆಯ ಮೇಲೆ ನೀವು ಕಂಡಿರುವುದು ಇದೇ ವ್ಯತಿಕರಣ. ಪೊರೆ ತೀರ ತೆಳುವಾಗಿದ್ದಾಗ ನೀಲಿ ಅಳಿಯುವುದು, ಉಳಿದುದು ಹಳದಿಯಾಗಿ ಕಾಣುವುದು; ದಪ್ಪವಾಗುತ್ತ ಹೋದಂತೆ ಹಸಿರು ಅಳಿದು ನೇರಳೆಯೂ, ಕೆಂಪು ಅಳಿದು ನೀಲಿಯೂ ಕಾಣುವುವು. ಹುಲ್ಲಿನ ಹಳದಿ ಎಂದರೆ ಸುಮಾರು 230 ಡಿಗ್ರಿ, ಕಂದು 255, ನೇರಳೆ 280, ನೀಲಿ 300. ಉಷ್ಣಮಾಪಕವಿಲ್ಲದೆ ಕಂಬಾರನು ಬೆಳಕಿನ ಅಲೆಯುದ್ದದಿಂದಲೇ ಉಷ್ಣತೆಯನ್ನು ಅಳೆದಂತಾಯಿತು. ಅಳಿಯನು ಆ ಚಾಕನ್ನು ಹಳದಿಗೇ ನಿಲ್ಲಿಸಿದ್ದನು. ತರಕಾರಿಗೆ ಅದೇ ಸರಿ, ಕರಟಕ್ಕೆ ಅಲ್ಲ.

ಬೆನ್ನು ನೀಲಿಯವರೆಗೆ ಹೋಗಿ ಮಿದುವಾದುದರಿಂದ ಅಲಗಿಗೆ ಇನ್ನೊಂದು ರಕ್ಷೆ ದೊರೆಯಿತು. ಅಮೆರಿಕದಲ್ಲಿ 1976ರಲ್ಲಿ ಸ್ಥಾಪಿತವಾದ ಬ್ಲೇಡ್‌ಸ್ಮಿತ್ ಸೊಸೈಟಿಯ ಪರೀಕ್ಷೆ ಈ ಗುಣವನ್ನೇ ಒರೆಹಚ್ಚುವುದು. ಅಭ್ಯರ್ಥಿಯ ಚಾಕು ತೂಗುಬಿಟ್ಟ ಒಂದಂಗುಲ ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕೊಯ್ಯಬೇಕು, ಮರದ ತುಂಡುಗಳನ್ನು ಕಡಿಯಬೇಕು, ಆ ಮೇಲೂ ಕೂದಲನ್ನು ಕ್ಷೌರ ಮಾಡುವಷ್ಟು ಹರಿತವಿರಬೇಕು. ಕೊನೆಗೆ ಇಕ್ಕಳದಲ್ಲಿ ಸಿಕ್ಕಿಸಿ 90 ಡಿಗ್ರಿ ಬಗ್ಗಿಸಿದರೆ ಮುರಿಯಕೂಡದು. ಅಲ್ಲಿಯ ಚಾಕು ಪ್ರದರ್ಶನಗಳಲ್ಲಿಯೂ ಇಬ್ಬರು ತಯಾರಕರು ಒಂದು ಮೇಜನ್ನು ಹಂಚಿಕೊಳ್ಳುವುದುಂಟು.

ಅಂಗಡಿ ಹಂಚಿಕೊಂಡರೆ ಬಾಡಿಗೆಯ ಜೊತೆಗೆ ಹೆಸರೂ ಪಾಲಾಗುವುದು. “ಚಾಕು ಮುಕ್ಕಾದ್ರ ಗಿರಾಕಿ ಅಂವಂದು, ನಂದು ಅಂತ ನೋಡೂದಿಲ್ರಿ. ಆ ಅಂಗಡ್ಯಾಗ ತಗೋಬ್ಯಾಡ್ರಿ ಅಂತಾನ,” ಎಂದನು ಹಿರಿಯ. ಆದುದರಿಂದಲೇ ಅಳಿಯನ ಒಂದೊಂದು ಸರಕನ್ನೂ ಗೋಣಿಯ ಮೇಲೆ ಇಡುವ ಮುನ್ನ ಅವನು ಉಗುರಿನಿಂದ ಮೀಟಿ ನಾದ ಕೇಳುತ್ತಿದ್ದನು. ಸೀಳು ಬಿಟ್ಟ ಉಕ್ಕು ದನಿ ಕೊಡದು. ಅಂದು ತೇರಿನ ಹಿಂದಿನ ದಿನ, ಪಲ್ಲೆದ ಹಬ್ಬ. ತಾಯಿಗೆ 108 ಬಗೆಯ ಪಲ್ಯಗಳ ನೈವೇದ್ಯವಾಗುವ ದಿನ. ಅಂಗಡಿಯ ಮುಂದೆ ಹೆಂಗಸರ ಗುಂಪು ನೆರೆದಿತ್ತು. ಅಳಿಯನು ಚಾಕು ಕೈಗೆ ಕೊಡುವ ಮೊದಲು ಪ್ರತಿಯೊಬ್ಬರನ್ನೂ ಕೇಳುತ್ತಿದ್ದನು: “ಏನು ಕೊಯ್ಯಾಕ್ರೀ, ಯವ್ವಾ?”

ನನ್ನ ಚಾಕು ಈಗ ಮೊದಲಿನಷ್ಟು ದಿನ ಹರಿತ ಹಿಡಿಯುವುದಿಲ್ಲ, ತಿಂಗಳಿಗೊಮ್ಮೆ ಮಸೆಯಬೇಕು. ತೆಂಗಿನಕಾಯಿಯನ್ನು ಮಾತ್ರ ಕಲ್ಲಿನ ಮೇಲೆಯೇ ಒಡೆಯುತ್ತೇವೆ.